ಐವತ್ತು ಪುಟದ ಲೆಕ್ಕ ತಪ್ಪಿದ ನವೆಂಬರ್

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಲ್ಲಿ ನಾನೂ ಒಬ್ಬಳು. ಹತ್ತಿರ ಹತ್ತಿರ 70 ಕಿಲೋಮೀಟರ್ ದಾರಿ. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ ಗಂಟೆ, ಸಿಗ್ನಲ್ ಸಿಗದೆ ಚಿಕ್ಕಬಾಣಾವರದ ಹತ್ತಿರ ನಿಂತುಬಿಟ್ಟರೆ ಅದರ ಮೇಲೆ ಇನ್ನಷ್ಟು. ಹನ್ನೊಂದು ವರ್ಷದಿಂದ ಪಾಸು ಮಾಡಿಸುತ್ತಿದ್ದೇನೆ. ಮೊದಮೊದಲು ಪಕ್ಕದವರ ಜೊತೆ ಮಾತು, ಆಮೇಲೆ ನಿದ್ದೆ, ಆಮೇಲೆ ಫೋನು. ಫೋನು ಬಂದ ಮೇಲೆ ಮಾತೂ ಹೋಯಿತು, ನಿದ್ದೆಯೂ ಹೋಯಿತು.

ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಮಗಳು ಕಾಲೇಜಿನಿಂದ ಒಂದು ಹಾಳೆ ತಂದಳು. ಅವರ ಕನ್ನಡ ಮೇಡಂ ಎಲ್ಲರಿಗೂ ಕೊಟ್ಟಿದ್ದರಂತೆ, ಮನೆಯಲ್ಲಿ ಯಾರು ಯಾರು ಏನೇನು ಓದುತ್ತಾರೆ ಅಂತ ಬರೆದುಕೊಂಡು ಬರಬೇಕು. "ಅಮ್ಮ, ನೀನು ಕೊನೇ ಸಲ ಪೂರ್ತಿ ಓದಿದ ಪುಸ್ತಕ ಯಾವುದು?" ನಾನು ಒಲೆ ಕಡೆ ತಿರುಗಿಕೊಂಡು ಒಂದು ಹೆಸರು ಹೇಳಿದೆ. ಅದು ನಾನು ಡಿಗ್ರಿಯಲ್ಲಿ ಓದಿದ್ದು. ಅವಳು ಬರೆದುಕೊಂಡಳು. ಅತ್ತೆ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಜಾಸ್ತಿ ಚುಚ್ಚಿತು.

ನವೆಂಬರಿನಲ್ಲಿ ಹೇಗೂ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತಲ್ಲ, ಒಂದನೇ ತಾರೀಕು ಶನಿವಾರ ಹೋಗಿ ಒಂದು ಚೀಲ ತುಂಬಿಸಿಕೊಂಡು ಬಂದೆ. ಒಂದೇ ಬಗೆಯದ್ದು ಬೇಡ, ಎಲ್ಲಾ ಥರದ್ದೂ ಇರಲಿ ಅಂತ ಯೋಚನೆ. ಒಂದು ಓಡುವ ಕಾದಂಬರಿ, ಒಂದು ಹೆಂಗಸರ ಕಾದಂಬರಿ, ನಾಟಕ, ಆತ್ಮಕತೆ, ವಿಜ್ಞಾನ, ಸಣ್ಣಕತೆ, ಕವನ, ಹಳೆಯ ಕಾವ್ಯ, ಕೊನೆಗೆ ಒಂದು ದಪ್ಪನೆಯ ಕಾದಂಬರಿ. ಜೊತೆಗೆ ಕೌಂಟರ್ ಪಕ್ಕದಲ್ಲಿ ಜೋಡಿಸಿಟ್ಟಿದ್ದ, ಬದುಕಿನಲ್ಲಿ ಗೆಲ್ಲೋದು ಹೇಗೆ ಅಂತ ಹೇಳಿಕೊಡುವ ಒಂದು ಅನುವಾದ. ಅದನ್ನು ಈಗಲೇ ಹೇಳಿ ಮುಗಿಸಿಬಿಡುತ್ತೇನೆ. 43ನೇ ಪುಟದಲ್ಲಿ ಬೆಳಿಗ್ಗೆ ಐದಕ್ಕೆ ಏಳಿ ಅಂತ ಇತ್ತು. ನಾನು ಹನ್ನೊಂದು ವರ್ಷದಿಂದ ನಾಲ್ಕೂಮುಕ್ಕಾಲಿಗೆ ಏಳುತ್ತಿದ್ದೇನೆ. ಮುಚ್ಚಿಟ್ಟೆ.

ನನ್ನದು ಅಕೌಂಟ್ಸ್ ಕೆಲಸ. ಆದ್ದರಿಂದ ಎಲ್ಲದಕ್ಕೂ ಒಂದು ಲೆಕ್ಕ ಬೇಕು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಗೆರೆ ಎಳೆದು, ತಾರೀಕು, ಪುಸ್ತಕ, ಪುಟ ಅಂತ ಮೂರು ಕಾಲಂ ಹಾಕಿದೆ. ದಿನಕ್ಕೆ 50 ಪುಟ. ತಿಂಗಳಿಗೆ 1500. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಇವರು ನೋಡಿ, "ಆಡಿಟ್‌ಗೆ ಯಾರು ಬರ್ತಾರೆ?" ಅಂದರು.

ಶುರುವಿನಲ್ಲಿ ಲೆಕ್ಕ ಭರ್ಜರಿಯಾಗಿತ್ತು. ತೇಜಸ್ವಿಯವರ ಜುಗಾರಿ ಕ್ರಾಸ್‌ನಿಂದ ಶುರು ಮಾಡಿದ್ದು ನಾನು ಮಾಡಿದ ಜಾಣತನದ ಕೆಲಸ. ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿ ಸುರೇಶ, ಗೌರಿ ಒಂದೇ ದಿನದಲ್ಲಿ ಏನೇನೋ ಸಿಕ್ಕುಗಳಲ್ಲಿ ಬೀಳುವ ಕತೆ. ಸೋಮವಾರ ಬೆಳಿಗ್ಗೆ ಕ್ಯಾತಸಂದ್ರ ದಾಟುವಾಗ ತೆಗೆದವಳು ತಲೆ ಎತ್ತಿದಾಗ ರೈಲು ನಿಂತಿತ್ತು, ಎಲ್ಲರೂ ಇಳಿಯುತ್ತಿದ್ದರು, ನಾನೂ ಇಳಿದೆ. ಇಳಿದರೆ ಮೆಜೆಸ್ಟಿಕ್! ನಾನು ಇಳಿಯಬೇಕಾದ್ದು ಮಲ್ಲೇಶ್ವರ. ಹನ್ನೊಂದು ವರ್ಷದಲ್ಲಿ ನಿದ್ದೆ ಮಾಡಿಕೊಂಡೂ ನಾನು ಮಲ್ಲೇಶ್ವರ ತಪ್ಪಿಸಿದವಳಲ್ಲ. ಆಫೀಸಿಗೆ ಇಪ್ಪತ್ತೈದು ನಿಮಿಷ ತಡ, ಕಾರಣ ಕೇಳಿದ್ದಕ್ಕೆ ರೈಲು ಲೇಟು ಅಂದೆ. ಸಂಜೆ ವಾಪಸ್ ಬರುವಾಗ ಇಸ್ಪೀಟು ಆಡುವ ಗುಂಪು, ಕಡ್ಲೆಕಾಯಿ ಮಾರುವವನು, ಮೊಬೈಲಿನಲ್ಲಿ ಜೋರಾಗಿ ಭಕ್ತಿಗೀತೆ ಹಾಕಿಕೊಂಡಿದ್ದ ಯಜಮಾನರು, ಯಾವುದೂ ನನಗೆ ಅಡ್ಡ ಬರಲಿಲ್ಲ. ಆ ದಿನದ ಕಾಲಂನಲ್ಲಿ 140 ಅಂತ ಬರೆದೆ. ಎಷ್ಟು ಖುಷಿ ಅಂದರೆ, ಪಕ್ಕದಲ್ಲಿ ಹಸಿರು ಪೆನ್ನಿನಲ್ಲಿ ಒಂದು ಟಿಕ್ ಕೂಡ ಹಾಕಿಕೊಂಡೆ.

ಎರಡು ದಿನಕ್ಕೆ ಅದು ಮುಗಿಯಿತು. ಬುಧವಾರ ಅದೇ ಸೀಟು, ಅದೇ ಕಿಟಕಿ, ಕೈಯಲ್ಲಿ ಕಾರ್ನಾಡರ ತುಘಲಕ್. ಸಣ್ಣ ಪುಸ್ತಕ, 13 ದೃಶ್ಯ, ಒಂದು ದಿನದ ಕೆಲಸ ಅಂದುಕೊಂಡಿದ್ದೆ. ದಾಬಸ್‌ಪೇಟೆ ಬರುವಷ್ಟರಲ್ಲಿ ಆರು ಪುಟ. ಯಾರು ಮಾತಾಡುತ್ತಿದ್ದಾರೆ ಅಂತ ಹಿಂದೆ ಹೋಗಿ ಹೋಗಿ ನೋಡೋದೇ ಆಯಿತು. ಬರನಿ ಯಾರು, ನಜೀಬ್ ಯಾರು, ಈ ಅಜೀಜ್ ಅನ್ನುವವನು ಬ್ರಾಹ್ಮಣನ ವೇಷ ಹಾಕಿದ್ದು ಯಾವಾಗ? ಸುತ್ತ ಗಲಾಟೆ ಇದ್ದರೆ ಕಾದಂಬರಿ ಅದರ ಮೇಲೆ ಓಡುತ್ತದೆ, ನಾಟಕ ಮಾತ್ರ ಆ ಗಲಾಟೆಯ ಒಳಗೇ ಕಳೆದುಹೋಗುತ್ತದೆ. ಗುರುವಾರವೂ ಅದೇ ಪಾಡು. ಶುಕ್ರವಾರ ಸೋತು, ಫೋನು ತೆಗೆದೆ.

ಶನಿವಾರ, ನವೆಂಬರ್ 8, ಕನಕ ಜಯಂತಿ, ಎಲ್ಲರೂ ಮನೆಯಲ್ಲಿದ್ದೆವು. ಮಧ್ಯಾಹ್ನ ಊಟ ಆದ ಮೇಲೆ ನಾನು ಪುಸ್ತಕ ಹಿಡಿದು ಗೊಣಗುತ್ತಿದ್ದದ್ದು ನೋಡಿ ಮಗಳು, "ಅಮ್ಮ, ಅದು ನಾಟಕ, ಮನಸ್ಸಲ್ಲಿ ಓದಿದ್ರೆ ಹೇಗೆ? ಹಂಚ್ಕೊಂಡು ಓದೋಣ" ಅಂದಳು. ಅವಳೇ ಸುಲ್ತಾನ ಆದಳು. ಇವರಿಗೆ ಅಜೀಜ್. ಬರನಿಯೂ ಸೇರಿದಂತೆ ಉಳಿದ ಇಡೀ ದೆಹಲಿ ನನಗೆ. ಅತ್ತೆಗೆ ಕಣ್ಣಿನ ಪೊರೆ, ಆಪರೇಷನ್ ಸಂಕ್ರಾಂತಿ ಆದ ಮೇಲೆ ಅಂತ ಇತ್ತು, ಹಾಗಾಗಿ ಅವರು ಪ್ರೇಕ್ಷಕರು. ಇವರು ಹೈಸ್ಕೂಲು ಬಿಟ್ಟ ಮೇಲೆ ಯಾವತ್ತೂ ಗಟ್ಟಿಯಾಗಿ ಏನೂ ಓದಿದವರಲ್ಲ. ಮೊದಲ ದೃಶ್ಯದಲ್ಲಿ ರೇಷನ್ ಅಂಗಡಿಯ ಪಟ್ಟಿ ಓದಿದ ಹಾಗೆ ಓದಿದರು. ಆದರೆ ಅಜೀಜ್ ಅಗಸ, ಖದೀಮ, ಸುಲ್ತಾನನ ಪ್ರತಿಯೊಂದು ಒಳ್ಳೆಯ ಕಾನೂನಿನಲ್ಲೂ ತನಗೊಂದು ದಾರಿ ಮಾಡಿಕೊಳ್ಳುವವನು. ಆ ಮಾತು ಬಾಯಿಗೆ ಬರುತ್ತಾ ಬರುತ್ತಾ ಇವರ ದನಿಯೇ ಬದಲಾಯಿತು. ಕಾಲು ಮೇಲೆ ಕಾಲು ಹಾಕಿಕೊಂಡರು. ಅಡಿಕೆ ಜಗಿಯುವವರ ಹಾಗೆ ಬಾಯಿ ಓರೆ ಮಾಡಿಕೊಂಡರು. ನಾನು ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯನನ್ನು ನೋಡಿರಲಿಲ್ಲ.

ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಹೋಗಿದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಗಲಾಟೆ ಎದ್ದದ್ದು ತಾಮ್ರದ ನಾಣ್ಯದ ದೃಶ್ಯಕ್ಕೆ. ಸುಲ್ತಾನ ಬೆಳ್ಳಿಗೆ ಸಮ ಅಂತ ತಾಮ್ರದ ನಾಣ್ಯ ತರುತ್ತಾನೆ, ಜನ ಮನೆಮನೆಯಲ್ಲಿ ಖೋಟಾ ನಾಣ್ಯ ಹೊಡೆಯುತ್ತಾರೆ, ಕೊನೆಗೆ ಅದನ್ನೆಲ್ಲಾ ಖಜಾನೆಗೆ ವಾಪಸ್ ತೆಗೆದುಕೊಂಡು ಅರಮನೆಯ ಗುಲಾಬಿ ತೋಟದಲ್ಲಿ ರಾಶಿ ಹಾಕಿಸಬೇಕಾಗುತ್ತದೆ. ಮಗಳು ಅದನ್ನು ಓದುತ್ತಿದ್ದಾಗ ಇವರು ತಟ್ಟನೆ, "ಇವತ್ತು ತಾರೀಕು ಎಷ್ಟು?" ಅಂದರು. ಎಂಟು. 2016ರಲ್ಲಿ ಐನೂರು, ಸಾವಿರದ ನೋಟು ರದ್ದು ಅಂತ ಟಿವಿಯಲ್ಲಿ ಹೇಳಿದ್ದು ಇದೇ ನವೆಂಬರ್ 8ರ ರಾತ್ರಿ. ಅಲ್ಲಿಗೆ ನಾಟಕ ನಿಂತಿತು. ಆಗ ಅತ್ತೆಯ ಸಾಸಿವೆ ಡಬ್ಬಿಯಿಂದ ಐನೂರರ ಹನ್ನೊಂದು ನೋಟು ಹೊರಬಂದಿದ್ದು, ಅತ್ತೆ ಅದನ್ನು ಮಗನ ಕೈಗೆ ಕೊಡುವಾಗ ಮುಖ ಮಾಡಿದ್ದು, ಇವರು ಬ್ಯಾಂಕಿನ ಮುಂದೆ ಅರ್ಧ ದಿನ ನಿಂತದ್ದು. "ಈಗ ಡಬ್ಬಿಯಲ್ಲಿ ಎಷ್ಟಿದೆ ಅಜ್ಜಿ?" ಅಂತ ಮಗಳು ಕೇಳಿದಳು. ಅತ್ತೆ, "ನಾಟಕ ಓದು" ಅಂದರು.

ಕಾರ್ನಾಡರು ಇದನ್ನು ತಂದಾಗ 1964. ಇಪ್ಪತ್ತಾರರ ಹುಡುಗ. ಮುಗಿದಾಗ ಸಂಜೆ ಆರೂವರೆ. ಗಂಟಲು ಕಟ್ಟಿತ್ತು. ಹಾಳೆಯ ಮುಂದೆ ನಿಂತು ಪುಟದ ಕಾಲಂ ತುಂಬಿದೆ. ಆದರೆ ರೈಲಿನಲ್ಲಿ ಮೂರು ದಿನ ಗುದ್ದಾಡಿ ಆಗದ್ದು ಇಲ್ಲಿ ಒಂದು ಮಧ್ಯಾಹ್ನದಲ್ಲಿ ಹೇಗಾಯಿತು ಅನ್ನೋದಕ್ಕೆ ನನ್ನ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ "ಹಾಲ್, ನಾಲ್ಕು ಜನ" ಅಂತ ಬರೆದೆ.

ಆ ಪೆನ್ಸಿಲ್ ಗುರುತಿನಿಂದಲೇ ತಿಂಗಳು ಬೇರೆ ಕಡೆ ತಿರುಗಿತು ಅನ್ನಿ.

ಯಾಕೆಂದರೆ ಮಾರನೇ ದಿನ ಅತ್ತೆ ತಾವಾಗಿಯೇ ಕೇಳಿದರು. "ಆ ಚೀಲದಲ್ಲಿ ತ್ರಿವೇಣಿ ಪುಸ್ತಕ ಐತೇನೇ?" ಇತ್ತು. ಶರಪಂಜರ. ನನಗೂ ಅತ್ತೆಗೂ ಅದು ಸಿನಿಮಾ ಆಗಿಯೇ ಗೊತ್ತು. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಬಂದಾಗ ಅತ್ತೆಗೆ ಹದಿನೆಂಟು, ತಿಪಟೂರಿನಲ್ಲಿ ಅಕ್ಕನ ಜೊತೆ ಹೋಗಿ ನೋಡಿದ್ದರಂತೆ, ಕಲ್ಪನಾ ಉಟ್ಟ ಸೀರೆಗಳ ಬಗ್ಗೆ ಈಗಲೂ ಹೇಳುತ್ತಾರೆ. ಪುಸ್ತಕ ಮಾತ್ರ ಓದಿರಲಿಲ್ಲ. ಮನೆಯಲ್ಲಿ ಕಾದಂಬರಿ ಓದೋಕೆ ಬಿಡುತ್ತಿರಲಿಲ್ಲ, ಹೆಣ್ಣುಮಕ್ಕಳು ಕೆಡ್ತಾರೆ ಅಂತ. ಸರಿ, ರಾತ್ರಿ ಪಾತ್ರೆ ಆದ ಮೇಲೆ ದಿನಾ ಒಂದು ಗಂಟೆ ನಾನು ಓದೋದು, ಅವರು ಕೇಳೋದು ಅಂತಾಯಿತು.

ಕಾವೇರಿ ಅನ್ನುವ ಹೆಂಗಸಿಗೆ ಹೆರಿಗೆಯ ನಂತರ ಮಾನಸಿಕ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋದರೂ ಸುತ್ತಲಿನವರ ಕಣ್ಣಿನಿಂದ ಅದು ಹೋಗೋದಿಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ತ್ರಿವೇಣಿ ಮನಃಶಾಸ್ತ್ರ ಓದಿದವರು, ಅದು ಪುಟಪುಟದಲ್ಲೂ ಕಾಣುತ್ತದೆ, ಆದರೆ ಎಲ್ಲೂ ಪಾಠ ಮಾಡಿದ ಹಾಗಿಲ್ಲ. 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತನಾಲ್ಕು. ಇದನ್ನು ನಾನು ಅತ್ತೆಗೆ ಹೇಳಿದಾಗ ಅವರು, "ಅಷ್ಟೊಳಗೆ ಇಷ್ಟೆಲ್ಲಾ ತಿಳ್ಕೊಂಡಿದ್ರಾ?" ಅಂದು ಸುಮ್ಮನಾದರು.

ಮೂರನೇ ರಾತ್ರಿ ಇರಬೇಕು. ಕಾವೇರಿ ವಾಪಸ್ ಬಂದ ಮೇಲಿನ ಭಾಗ ಓದುತ್ತಿದ್ದೆ. ಅತ್ತೆ ಕೈ ಎತ್ತಿ ನಿಲ್ಲಿಸು ಅಂದರು. ಆಮೇಲೆ ಅವರ ಊರಿನ ಒಬ್ಬ ಹೆಂಗಸಿನ ವಿಷಯ ಹೇಳಿದರು. ಹೆಸರು ಹೇಳಲ್ಲ. ಎರಡನೇ ಬಾಣಂತನದಲ್ಲಿ ಮಗುವನ್ನು ಎತ್ತಿಕೊಳ್ಳಲೇ ಇಲ್ಲವಂತೆ, ಗೋಡೆ ಕಡೆ ತಿರುಗಿಕೊಂಡು ಮಲಗಿಬಿಡುತ್ತಿದ್ದಳಂತೆ. ಗಾಳಿ ಮೆಟ್ಟಿಕೊಂಡಿದೆ ಅಂದರು, ಯಾವುದೋ ದೇವಸ್ಥಾನಕ್ಕೆ ಕರೆದುಕೊಂಡು ಹೋದರು, ಕೊನೆಗೆ ತವರಿಗೆ ಬಿಟ್ಟು ಬಂದರು. ಗಂಡ ಇನ್ನೊಂದು ಮದುವೆ ಆದ. "ನಾವು ಚಿಕ್ಕವರು, ಆ ಮನೆ ಮುಂದೆ ಹೋಗೋವಾಗ ಓಡಿ ಹೋಗ್ತಿದ್ವಿ ಕಣಮ್ಮ. ಕಿಟಕೀಲಿ ಕೂತಿರೋಳು. ಒಂದಿನ ನನ್ನ ಹೆಸರು ಹಿಡಿದು ಕರೆದಳು. ನಾನು ತಿರುಗಿ ನೋಡಲಿಲ್ಲ." ಅಷ್ಟು ಹೇಳಿ, ಓದು ಅಂದರು. ನನಗೆ ಸ್ವಲ್ಪ ಹೊತ್ತು ಅಕ್ಷರ ಕಾಣಲಿಲ್ಲ. ಅತ್ತೆ ಅಳಲಿಲ್ಲ. ಕಾದಂಬರಿ ಮುಗಿದ ದಿನ ಮಾತ್ರ, "ಅದು ಕಾಯಿಲೆ ಅಲ್ವಾ, ಗಾಳಿ ಅಲ್ಲ" ಅಂತ ತಮಗೆ ತಾವೇ ಅಂದುಕೊಂಡರು.

ಒಬ್ಬಳೇ ರೈಲಿನಲ್ಲಿ ಓದಿದ್ದರೆ ಎರಡು ದಿನದಲ್ಲಿ ಮುಗಿಸಿ, ಚೆನ್ನಾಗಿದೆ, ಸ್ವಲ್ಪ ಹಳೇ ಕಾಲದ್ದು ಅಂದು ಮುಂದಕ್ಕೆ ಹೋಗುತ್ತಿದ್ದೆ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಹಾಗಂತ ಎಲ್ಲವನ್ನೂ ಗಟ್ಟಿಯಾಗಿ ಓದಬೇಕು ಅಂತಲ್ಲ. ಆಫೀಸಿನಲ್ಲಿ ಊಟದ ಬಿಡುವು ಮುಕ್ಕಾಲು ಗಂಟೆ, ಡಬ್ಬಿ ತಿಂದು ಕೈ ತೊಳೆದರೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಅಷ್ಟರಲ್ಲಿ ಒಂದು ಸಣ್ಣಕತೆ ಸರಿಯಾಗಿ ಕೂರುತ್ತದೆ. ಬಾನು ಮುಷ್ತಾಕ್ ಅವರ ಕತೆಗಳನ್ನು ಹಾಗೆ ಓದಿದೆ. ನಮ್ಮ ಸೆಕ್ಷನ್ನಿನಲ್ಲಿ ಕೇರಳದ ಒಬ್ಬ ಹುಡುಗ ಇದ್ದಾನೆ, ಕನ್ನಡ ಮಾತಾಡುತ್ತಾನೆ, ಓದೋಕೆ ಬರಲ್ಲ. ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗಲೇ ಅವನು ಇಂಗ್ಲಿಷಿನ ಹಾರ್ಟ್ ಲ್ಯಾಂಪ್ ತರಿಸಿ ಓದಿ ಮುಗಿಸಿದ್ದ, ಕನ್ನಡದವಳಾದ ನಾನು ನವೆಂಬರಿನಲ್ಲಿ ಶುರು ಮಾಡಿದ್ದು. ಅನುವಾದ ಮಾಡಿದ ದೀಪಾ ಭಾಸ್ತಿ ಎಷ್ಟೋ ಮಾತುಗಳನ್ನು ಹಾಗೇ ಬಿಟ್ಟಿದ್ದಾರೆ, ಅಡಿಟಿಪ್ಪಣಿ ಇಲ್ಲ, ಓರೆ ಅಕ್ಷರವೂ ಇಲ್ಲ. ಹಾಗಾಗಿ ಅವನು ಸೆರಗು ಅಂದರೆ ಏನು ಅಂತ ನನ್ನ ಹತ್ತಿರ ಬಂದ. ನಾನು ಸೀರೆಯ ಈ ಭಾಗ ಅಂತ ತೋರಿಸಿದೆ. ಅಷ್ಟೇನಾ ಅಂದ. ಅಷ್ಟೇ ಅಲ್ಲ, ಸೆರಗು ಹೊದ್ದುಕೊಳ್ಳೋದು, ಸೆರಗು ಒಡ್ಡೋದು, ಸೆರಗಿನಲ್ಲಿ ಕಣ್ಣೊರೆಸೋದು, ಮಗು ಸೆರಗು ಹಿಡಿಯೋದು... ಹೇಳುತ್ತಾ ಹೋದರೆ ಊಟದ ಬಿಡುವೇ ಮುಗಿಯಿತು. ಎದೆಯ ಹಣತೆ ಕತೆಯಲ್ಲಿ ಮೆಹರುನ್ ಮೈಗೆ ಬೆಂಕಿ ಹಚ್ಚಿಕೊಳ್ಳೋಕೆ ಹೋದಾಗ ಮಗಳು ಬಂದು ತಡೆಯುವ ಜಾಗ ಓದಿದ ದಿನ ನಾನು ಮಧ್ಯಾಹ್ನದ ಮೇಲೆ ಒಂದು ವೋಚರ್ ತಪ್ಪು ಹೆಡ್ಡಿಗೆ ಹಾಕಿದೆ. ಆವತ್ತಿನಿಂದ ಕತೆ ಓದಿದ ಮೇಲೆ ಐದು ನಿಮಿಷ ಸುಮ್ನೆ ಕೂರೋದು ಅಂತ ಮಾಡಿಕೊಂಡೆ. ಅಂದರೆ ಹದಿನೈದೇ ನಿಮಿಷ ಓದೋಕೆ.

ರೈಲಿಗೆ ಆಗ ಎರಡು ಪುಸ್ತಕ ಇಟ್ಟುಕೊಂಡಿದ್ದೆ. ಬೆಳಿಗ್ಗೆಗೆ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು, ಸಂಜೆಗೆ ಸಿದ್ದಲಿಂಗಯ್ಯನವರ ಊರುಕೇರಿ. ಸ್ವಾಮಿ ಡಿವಿಜಿಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವರು. ಹುಡುಗರನ್ನು ಕಟ್ಟಿಕೊಂಡು ಗಿಡ ಹುಡುಕುತ್ತಾ ಕಾಡು ಸುತ್ತಿದ್ದನ್ನು ಬರೆದಿದ್ದಾರೆ, ಚಿತ್ರಗಳೂ ಅವರವೇ. ವಿಜ್ಞಾನದ ಪುಸ್ತಕ ಅಂತ ನಾನು ಹೆದರಿಕೊಂಡೇ ತೆಗೆದದ್ದು, ಆದರೆ ಒಬ್ಬಳೇ ನಗುತ್ತಿದ್ದೆ, ಎದುರು ಸೀಟಿನವರು ನೋಡುವಷ್ಟು. ತೊಂದರೆ ಏನಪ್ಪಾ ಅಂದರೆ ಅದು ಓದೋಕೇ ಬಿಡಲ್ಲ. ಎರಡು ಪುಟ ಓದುತ್ತಿದ್ದ ಹಾಗೇ ಕಿಟಕಿಯಿಂದ ಆಚೆ ನೋಡಬೇಕು ಅನ್ನಿಸುತ್ತದೆ. ನಿಡವಂದದ ಹತ್ತಿರ ಶಿವಗಂಗೆ ಬೆಟ್ಟ ಕಾಣುತ್ತದೆ ಅನ್ನೋದು ಬಿಟ್ಟರೆ ಆ ದಾರಿಯಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಹಳಿ ಪಕ್ಕದ ಲಂಟಾನ, ಹೊಂಗೆ, ನೀಲಗಿರಿ ತೋಪು ಗುರುತು ಹಿಡಿದೆ. ಹಳದಿ ಹೂವಿನ ಒಂದು ಪೊದೆ ಹಿರೇಹಳ್ಳಿಯಿಂದ ಈಚೆಗೆ ಎಲ್ಲಾ ಕಡೆ, ಹೆಸರು ಗೊತ್ತಿಲ್ಲ. ಹನ್ನೊಂದು ವರ್ಷ! ಫೋಟೋ ತೆಗೆದು ಮನೆಗೆ ತಂದು ಕಣ್ಣಿನ ಹತ್ತಿರ ಹಿಡಿದೆ, ಅತ್ತೆ ಆ ಪೊರೆಗಣ್ಣಿನಲ್ಲೇ, "ತಂಗಡಿ ಕಣೇ, ಇದೂ ಗೊತ್ತಿಲ್ವಾ? ಇದರ ಕಡ್ಡೀಲಿ ಹಲ್ಲುಜ್ಜಿ ಬೆಳೆದೋರು ನಾವು. ತೊಗಟೇಲಿ ಚರ್ಮ ಹದ ಮಾಡೋರು" ಅಂದರು. ಆ ಪುಸ್ತಕ ದಿನಕ್ಕೆ ಹನ್ನೆರಡು ಪುಟಕ್ಕಿಂತ ಜಾಸ್ತಿ ಹೋಗಲೇ ಇಲ್ಲ. ನನಗೂ ಬೇಸರ ಆಗಲಿಲ್ಲ.

ಊರುಕೇರಿ ಸಣ್ಣದು, ಓಟವೂ ಇದೆ. ಆದರೆ ಸಂಜೆಯ ಹೊತ್ತು ಅದನ್ನು ಓದೋದು ಅಷ್ಟು ಸುಲಭ ಅಲ್ಲ, ಯಾಕೆಂದರೆ ನಗಿಸುತ್ತಾ ನಗಿಸುತ್ತಾ ಒಂದು ಕಡೆ ತಂದು ನಿಲ್ಲಿಸಿಬಿಡುತ್ತಾರೆ. ಮೊದಲಲ್ಲೇ ಒಂದು ಚಿತ್ರ ಇದೆ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಅದು ಒಂಥರಾ ತಮಾಷೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಸಿಟ್ಟಿನ ಒಂದು ಮಾತೂ ಇಲ್ಲದೆ ಬರೆದಿದ್ದಾರೆ, ಸಿಟ್ಟು ಬರೋದು ನಮಗೆ. ಗೊಲ್ಲಹಳ್ಳಿಯಿಂದ ತುಮಕೂರು ಬರುವ ತನಕ ಅವತ್ತು ನಾನು ಮುಂದಿನ ಪುಟ ತಿರುಗಿಸಲಿಲ್ಲ. ಕಡ್ಲೆಕಾಯಿಯವನು ಎರಡು ಸಲ ಬಂದು ಹೋದ.

ಮಾಗಡಿ ಕಡೆಯಿಂದ ಆ ಕುಟುಂಬ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ಶ್ರೀರಾಮಪುರ ಎಲ್ಲಿ? ನಾನು ದಿನಾ ಇಳಿಯುವ ಸ್ಟೇಷನ್ನಿನ ಪಕ್ಕಕ್ಕೇ! ಜುಗಾರಿ ಕ್ರಾಸ್ ಓದುತ್ತಾ ಮೆಜೆಸ್ಟಿಕ್‌ಗೆ ಹೋಗಿಬಿಟ್ಟಿದ್ದೆನಲ್ಲ, ಆ ದಿನ ಪುಸ್ತಕದಲ್ಲಿ ಮೂಗು ತೂರಿಸಿಕೊಂಡು ಶ್ರೀರಾಮಪುರವನ್ನೇ ದಾಟಿದ್ದೆ. ಒಂದು ಗುರುವಾರ ಬೇಕಂತಲೇ ಮಲ್ಲೇಶ್ವರದಲ್ಲಿ ಇಳಿಯದೆ ಮುಂದಕ್ಕೆ ಹೋದೆ, ಬಾಗಿಲ ಹತ್ತಿರ ನಿಂತುಕೊಂಡು. ಏನು ಕಾಣಬೇಕು ಅಂತ ಹೋದೆನೋ ಗೊತ್ತಿಲ್ಲ. ಒತ್ತೊತ್ತಾದ ಮನೆಗಳು, ತಾರಸಿ ಮೇಲೆ ಒಣಗಿದ ಬಟ್ಟೆ, ನೀರಿನ ಸಿಂಟೆಕ್ಸ್, ಒಬ್ಬ ಹುಡುಗ ಹಲ್ಲುಜ್ಜುತ್ತಾ ರೈಲು ನೋಡುತ್ತಿದ್ದ. ಎರಡು ನಿಮಿಷದಲ್ಲಿ ಮುಗಿಯಿತು. ಮತ್ತೆ ಮೆಜೆಸ್ಟಿಕ್‌ನಿಂದ ಬಸ್ಸು, ಮತ್ತೆ ತಡ. ಈ ಸಲವೂ ರೈಲು ಲೇಟು ಅಂದೆ.

ಕವನದ ವಿಷಯ ಬೇಗ ಹೇಳುತ್ತೇನೆ. ಬೇಂದ್ರೆಯವರ ನಾಕುತಂತಿಯನ್ನು ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಇಟ್ಟುಕೊಂಡೆ, ದಿನಕ್ಕೆ ಒಂದು ಕವನ. ಜ್ಞಾನಪೀಠ ಬಂದ ಪುಸ್ತಕ. ಹೆಚ್ಚಿನದು ಅರ್ಥ ಆಗಲಿಲ್ಲ. ಹಾಲು ಎರಡು ಸಲ ಉಕ್ಕಿತು. ಆದರೆ ಅರ್ಥ ಆಗದ ಕೆಲವು ಸಾಲು ರೈಲಿನ ಸದ್ದಿನ ಜೊತೆ ಸೇರಿಕೊಂಡು ಯಶವಂತಪುರದ ತನಕ ಬಾಯಲ್ಲೇ ಇರುತ್ತಿದ್ದವು. ಧಾರವಾಡದ ಕಡೆಯವರು ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಿದ್ದರೆ ಬೇರೆ ಥರ ಇರುತ್ತಿತ್ತೇನೋ.

ಕುಮಾರವ್ಯಾಸನಿಗೆ ಹಾಗೆ ಹೇಳಿಕೊಡುವವರು ಮನೆಯಲ್ಲೇ ಇದ್ದರು, ಅದು ನನಗೆ ಗೊತ್ತೇ ಇರಲಿಲ್ಲ. ಶರಪಂಜರ ಮುಗಿದ ಮೇಲೆ ರಾತ್ರಿಯ ಒಂದು ಗಂಟೆ ಖಾಲಿ ಆಯಿತಲ್ಲ, ಅತ್ತೆ ಸುಮ್ಮನೆ ಕೂರೋಕೆ ಒಪ್ಪಲಿಲ್ಲ. ನಾನು ಉದ್ಯೋಗಪರ್ವ ತೆಗೆದು, ಕೃಷ್ಣ ಕರ್ಣನನ್ನು ಒಬ್ಬನನ್ನೇ ಕರೆದು ಅವನ ಹುಟ್ಟಿನ ಗುಟ್ಟು ಹೇಳುವ ಜಾಗದಿಂದ ಶುರು ಮಾಡಿದೆ. ಹೈಸ್ಕೂಲಿನಲ್ಲಿ ಕಂಠಪಾಠ ಮಾಡಿದ್ದ ಧೈರ್ಯ. ಎರಡು ಪದ್ಯ ಓದಿದೆ. ಅತ್ತೆ, "ಏನು ಕರೆಂಟ್ ಬಿಲ್ ಓದ್ತಾ ಇದೀಯಾ?" ಅಂದರು. ಆಮೇಲೆ ನನ್ನ ಕೈ ತೆಗೆದುಕೊಂಡು ತಮ್ಮ ತೊಡೆ ಮೇಲೆ ಇಟ್ಟು ತಟ್ಟಿ ತೋರಿಸಿದರು. ಮೂರು, ನಾಲ್ಕು. ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡಿಗೆ ಅದು. ಒಂದು ಸಾಲಿಗೆ 14 ಮಾತ್ರೆ, ಮೂರನೇ ಸಾಲು ಮತ್ತು ಆರನೇ ಸಾಲು ಮಾತ್ರ ಉದ್ದ, 23 ಮಾತ್ರೆ. ಸ್ಕೂಲಿನಲ್ಲಿ ನಾನು ಪ್ರಸ್ತಾರ ಹಾಕಿ ಹತ್ತಕ್ಕೆ ಹತ್ತು ತೆಗೆದಿದ್ದೇನೆ, ಆದರೆ ಅದು ಕಾಲು ಕುಣಿಸುವ ಲೆಕ್ಕ ಅಂತ ಯಾರೂ ಹೇಳಿರಲಿಲ್ಲ.

ಅತ್ತೆಯ ಅಪ್ಪ ಊರಿನ ದೇವಸ್ಥಾನದಲ್ಲಿ ರಾಮೋತ್ಸವದ ಹೊತ್ತಿಗೆ ಗಮಕ ವಾಚನ ಮಾಡಿಸುತ್ತಿದ್ದರಂತೆ. ಒಬ್ಬರು ರಾಗದಲ್ಲಿ ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಹೆಣ್ಣುಮಕ್ಕಳು ಕಂಬದ ಹಿಂದೆ ಕೂತು ಕೇಳೋದು. ಕಾದಂಬರಿ ಓದಿದರೆ ಕೆಡುತ್ತಾರೆ ಅಂತ ಬಿಡದಿದ್ದ ಮನೆಯಲ್ಲಿ ಇದನ್ನು ಕೇಳೋಕೆ ಅಡ್ಡಿ ಇರಲಿಲ್ಲ. ಕುಮಾರವ್ಯಾಸನಲ್ಲಿ ಏನೇನಿದೆ ಅಂತ ಓದಿದವರಿಗೆ ಗೊತ್ತು, ಅವರು ನಗುತ್ತಾರೆ. ಪದ ಎಲ್ಲಿ ಒಡೆಯಬೇಕು ಅನ್ನೋದು ಅತ್ತೆಗೆ ಕಿವಿಯಲ್ಲೇ ಇತ್ತು. ನಾನು ತಪ್ಪು ಜಾಗದಲ್ಲಿ ನಿಲ್ಲಿಸಿದರೆ ನಾಲಿಗೆಯಲ್ಲಿ ಚ್ ಅನ್ನೋರು. ಸರಿಯಾಗಿ ಒಡೆದ ಕೂಡಲೇ ಅರ್ಧ ಅರ್ಥ ತಾನಾಗಿ ಬಿಡುತ್ತಿತ್ತು, ಉಳಿದರ್ಧಕ್ಕೆ ಕೆಳಗಿನ ಟಿಪ್ಪಣಿ. ಕರ್ಣನಿಗೆ ತಾನು ಯಾರು ಅಂತ ಗೊತ್ತಾಗಿ, ಆದರೂ ದುರ್ಯೋಧನನನ್ನು ಬಿಟ್ಟು ಬರಲ್ಲ ಅನ್ನುವ ಜಾಗಕ್ಕೆ ಬಂದಾಗ ಮಗಳು ಓದೋದು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. "ಈ ಕೃಷ್ಣ ಮಾಡಿದ್ದು ಸರೀನಾ ಅಜ್ಜಿ?" "ಸರಿ ಅಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ಬರೆದವ್ನೆ."

ಒಂದು ಗಂಟೆಗೆ ಒಂಬತ್ತು ಪದ್ಯ. ಪುಟದ ಕಾಲಂನಲ್ಲಿ 2 ಅಂತ ಬರೆದು ಅದನ್ನೇ ನೋಡುತ್ತಾ ನಿಂತೆ. 140ಕ್ಕೆ ಹಸಿರು ಟಿಕ್ ಹಾಕಿದ್ದವಳು 2ಕ್ಕೆ ಏನು ಹಾಕಬೇಕು? ಲೆಕ್ಕದ ಭಾಷೆಯಲ್ಲಿ ಹೇಳೋದಾದರೆ ನಾನು ಇಡೀ ತಿಂಗಳು ಅಕ್ಕಿ, ಎಣ್ಣೆ, ಬಟ್ಟೆ ಎಲ್ಲವನ್ನೂ ಒಂದೇ ಸೇರಿನಲ್ಲಿ ಅಳೆದಿದ್ದೆ. ಪುಟದ ಕಾಲಂ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಅದೇ ಜಾಗದಲ್ಲಿ ಎಲ್ಲಿ, ಯಾರ ಜೊತೆ ಅಂತ ಬರೆಯೋಕೆ ಶುರು ಮಾಡಿದೆ. ಹಳೆಯ ದಿನಗಳಿಗೂ ನೆನಪು ಮಾಡಿಕೊಂಡು ತುಂಬಿದೆ. ರೈಲು, ಒಬ್ಬಳೇ. ಹಾಲ್, ನಾಲ್ಕು ಜನ. ಅಡಿಗೆಮನೆ, ಹಾಲು. ಆಫೀಸು, ಮಲಯಾಳಿ ಹುಡುಗ. ಅತ್ತೆಯ ಮಂಚ.

ಆಡಿಟ್ ಆಗಬೇಕಲ್ಲ ಅಂತ 30ನೇ ತಾರೀಕು ಭಾನುವಾರ ಇವರೇ ಕ್ಯಾಲ್ಕುಲೇಟರ್ ಹಿಡಿದು ಕೂತರು, ಹೊಡೆದು ಹಾಕಿದ ಕಾಲಂ ಕೂಡಿದರು. 1300ರ ಆಸುಪಾಸು. ಗುರಿಗಿಂತ ಕಡಿಮೆ. ಅದರಲ್ಲಿ ಹಸುರು ಹೊನ್ನು ಮುಗಿದಿಲ್ಲ, ಕುಮಾರವ್ಯಾಸ ಎರಡು ಮೂರು ಸಂಧಿ ಅಷ್ಟೇ, ನಾಕುತಂತಿಯನ್ನು ಓದಿದೆ ಅನ್ನೋದಕ್ಕೆ ನನಗೇ ನಾಚಿಕೆ. "ಪಾಸಾ ಫೇಲಾ?" ಅಂದೆ. "ಕ್ಯಾರಿ ಫಾರ್ವರ್ಡ್" ಅಂದರು.

ಮುಂದಕ್ಕೆ ಹೋದ ಬಾಬ್ತಿನಲ್ಲಿ ದೊಡ್ಡದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. ತಿಂಗಳ ಕೊನೆಯ ವಾರ ಶುರು ಮಾಡಿದ್ದು. 1967ರಲ್ಲಿ ಬಂದ ಈ ಕಾದಂಬರಿ ಏಳುನೂರು ಪುಟ ದಾಟುತ್ತದೆ, ವಾರದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆನಲ್ಲ, ಒಂದನೇ ತಾರೀಕಿನ ಧೈರ್ಯ ನೋಡಿ. ಇದನ್ನು ಎಲ್ಲಿ ಓದಬೇಕು ಅಂತ ನನಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ರೈಲಿನಲ್ಲಿ ಭಾರ, ಕೈ ನೋಯುತ್ತದೆ. ರಾತ್ರಿ ಓದಿದರೆ ಯಾವ ಹೆಗ್ಗಡೆ ಯಾವ ಮನೆಯವರು ಅನ್ನೋದು ಕಲಸಿಹೋಗುತ್ತದೆ. ಮಗಳು ಇನ್ನೊಂದು ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಗಳ ಪಟ ಬರೆದುಕೊಟ್ಟಿದ್ದಾಳೆ, ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಅಲ್ಲಿಂದ ಇಲ್ಲಿಗೆ ಬಾಣದ ಗುರುತು. ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಆ ಬಾಣಗಳ ಮೇಲೆಲ್ಲಾ ನಡೆಯುತ್ತಲೇ ಇದ್ದಾನೆ. ಈಗ 212ನೇ ಪುಟ.

ನಿನ್ನೆ ರಾತ್ರಿ ಪುಸ್ತಕ ಮುಚ್ಚುವಾಗ ಅತ್ತೆ ಕೇಳಿದರು. ಅವರಿಗೆ ಈ ಕತೆ ಹೇಗೆ ಗೊತ್ತೋ, ಕೇಳಿದರೆ ನಿಮ್ಮ ಮಾವ ಓದಿ ಹೇಳಿದ್ದರು ಅಂತಾರೆ.

"ಆ ನಾಯಿಗೆ ಕೊನೇಲಿ ಏನಾಯ್ತದೆ ಹೇಳ್ಲಾ?"

"ಬೇಡ ಅತ್ತೆ, ಹೇಳಬೇಡಿ."

"ಸರಿ ಬಿಡು" ಅಂದು ಆ ಕಡೆ ತಿರುಗಿ ಮಲಗಿದರು. ಆದರೆ ಕೇಳಿದ ದನಿಯಲ್ಲೇ ಹೇಳಿಬಿಟ್ಟಿದ್ದರು. ಬೆಳಿಗ್ಗೆಯಿಂದ ಪುಸ್ತಕ ಬ್ಯಾಗಿನಲ್ಲೇ ಇದೆ, ಇನ್ನೂ ತೆಗೆದಿಲ್ಲ.